ಲಾರಿಗೆ ಸಿಂಥೆಟಿಕ್ ಆಯಿಲ್: ಮೊದಲು ಗೇರ್‌ಬಾಕ್ಸಿಗೆ, ಆಮೇಲೆ ಇಂಜಿನ್‌ಗೆ

"ಸಿಂಥೆಟಿಕ್ ಹಾಕಿಸಿದ್ರೆ ಲಾಭ ಇದೆಯಾ?" ಅಂತ ಯಾರಾದರೂ ಲಾರಿ ಮಾಲೀಕರು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಯಾವುದಕ್ಕೆ? ಇಂಜಿನ್‌ಗಾ, ಗೇರ್‌ಬಾಕ್ಸಿಗಾ, ಹಿಂದಿನ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ಕ್ರೌನಿಗಾ? ಮೂರಕ್ಕೂ ಲೆಕ್ಕ ಬೇರೆ ಬೇರೆ. ಪೀಣ್ಯದಲ್ಲಿ ನಾವು ನಡೆಸುವ ಗಾಡಿಗಳಲ್ಲಿ ಸರ್ಕಾರದ ಹೊಗೆ ನಿಯಮದ ಲೆಕ್ಕದಲ್ಲಿ ಹಳೆ ಬಿಎಸ್ 3 ಇದೆ, ಬಿಎಸ್ 4 ಇದೆ, 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್ 6 ಕೂಡ ಇದೆ. ಇವಕ್ಕೆಲ್ಲ ನಾನೇ ನಿಂತು ಆಯಿಲ್ ಹಾಕಿಸಿ, ಇಳಿಸಿ, ನೋಡಿದ ಮೇಲೆ ಹೇಳುತ್ತಿದ್ದೇನೆ: ದುಡ್ಡು ಮೊದಲು ಗೇರ್‌ಬಾಕ್ಸಿಗೂ ಕ್ರೌನಿಗೂ ಹೋಗಲಿ. ಇಂಜಿನ್ ಆಮೇಲೆ. ಆಯಿಲ್ ಮಾರುವವರು ಮಾತ್ರ ಯಾವಾಗಲೂ ಇಂಜಿನ್‌ನಿಂದಲೇ ಮಾತು ಶುರು ಮಾಡುತ್ತಾರೆ.

ಇಂಜಿನ್ ಆಯಿಲ್‌ಗೆ ಡೀಸೆಲ್ ಉರಿದ ಮಸಿ ಬೀಳುತ್ತದೆ, ಆಸಿಡ್ ಸೇರುತ್ತದೆ, ಉರಿಯದ ಡೀಸೆಲ್ಲೂ ಒಂದಿಷ್ಟು ಇಳಿಯುತ್ತದೆ. ಆಯಿಲ್ ಎಷ್ಟೇ ದುಬಾರಿಯದಾಗಿರಲಿ, ಈ ಕೊಳೆ ತುಂಬಿದ ಮೇಲೆ ಇಳಿಸಲೇಬೇಕು. ಗೇರ್‌ಬಾಕ್ಸಿಗೆ ಆ ಕಾಟ ಇಲ್ಲ. ಅಲ್ಲಿ ಆಯಿಲ್ ಹಾಳಾಗುವುದು ಬಿಸಿಯಿಂದ, ಮತ್ತೆ ಹಲ್ಲುಗಳ ನಡುವೆ ಅರೆದು ಅರೆದು. ಬಿಸಿಗೆ ಜಗ್ಗದೆ ನಿಲ್ಲುವುದೇ ಸಿಂಥೆಟಿಕ್‌ನ ದೊಡ್ಡ ಗುಣ. ಹಾಗಾಗಿ ಕೊಟ್ಟ ಹೆಚ್ಚಿನ ದುಡ್ಡು ಅಲ್ಲಿ ಪೂರ್ತಿ ವಸೂಲಾಗುತ್ತದೆ.

ಮಂಗಳೂರು ಕಡೆ ಹೋಗುವ ಗಾಡಿಗಳಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಬಂದರಿನಿಂದ ಲೋಡು ಹೊತ್ತು ಶಿರಾಡಿ ಘಾಟಿ ಹತ್ತುವಾಗ ಗುಂಡ್ಯದಿಂದ ಮೇಲಕ್ಕೆ ಬಹುತೇಕ ಕೆಳಗಿನ ಗೇರುಗಳೇ. ಸಕಲೇಶಪುರಕ್ಕೆ ಬಂದು ಗಾಡಿ ನಿಲ್ಲಿಸಿದಾಗ ಗೇರ್‌ಬಾಕ್ಸಿನ ಹತ್ತಿರ ಕೈ ಹಿಡಿಯಲು ಆಗುವುದಿಲ್ಲ, ಕ್ರೌನ್ ಇನ್ನೂ ಬಿಸಿ. ಸಿಂಥೆಟಿಕ್ ಹಾಕಿದ ಮೇಲೆ ಆ ಬಿಸಿ ಒಂದಿಷ್ಟು ಇಳಿಯಿತು, ಬಹಳ ಅಲ್ಲ. ನಿಜವಾದ ವ್ಯತ್ಯಾಸ ಕಂಡದ್ದು ಆಯಿಲ್ ಇಳಿಸಿದಾಗ. ಕಚ್ಚಾ ಎಣ್ಣೆಯಿಂದ ತೆಗೆದ ಮಾಮೂಲಿ ಮಿನರಲ್ ಗೇರ್ ಆಯಿಲ್ ಅಷ್ಟೇ ಓಟಕ್ಕೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಸಿಂಥೆಟಿಕ್ ಬಣ್ಣ ಬದಲಾದರೂ ಕೈಗೆ ಇನ್ನೂ ಜಿಡ್ಡಾಗಿ, ಹದವಾಗಿಯೇ ಇತ್ತು. ಇನ್ನೊಂದು ಲಾಭ ಡ್ರೈವರ್‌ಗಳೇ ಹೇಳಿದ್ದು. ಡಿಸೆಂಬರ್ ಬೆಳಗಿನ ಜಾವ ನೆಲಮಂಗಲದಲ್ಲಿ ಗಾಡಿ ಎತ್ತುವಾಗ ಗೇರು ಬೀಳಲು ಮೊದಲಿನಷ್ಟು ಒದ್ದಾಡಬೇಕಿಲ್ಲವಂತೆ.

ಆದರೆ ಗೇರ್ ಆಯಿಲ್ ವಿಷಯದಲ್ಲಿ ಸಿಂಥೆಟಿಕ್ಕಾ ಮಿನರಲ್ಲಾ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ದರ್ಜೆ ಯಾವುದು, ಜಿಎಲ್-4 ಆ, ಜಿಎಲ್-5 ಆ? ನಾವು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಒಂದು ಗಾಡಿ ಎರಡನೇ ಗೇರಿಗೆ ಕರಕರ ಅನ್ನುತ್ತಿತ್ತು. ಬಿಚ್ಚಿದರೆ ಗೇರು ಬೀಳುವಾಗ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೋನೈಜರ್ ರಿಂಗು ಸವೆದು ಹೋಗಿದೆ. ವಿಚಾರಿಸಿದರೆ ಹಿಂದಿನ ಗ್ಯಾರೇಜಿನವರು ಗೇರ್‌ಬಾಕ್ಸಿಗೂ ಕ್ರೌನಿಗೂ ಒಂದೇ ಜಿಎಲ್-5 ಸುರಿದಿದ್ದರು. ನಾಲ್ಕಕ್ಕಿಂತ ಐದು ಮೇಲು ತಾನೆ ಅನ್ನೋ ಲೆಕ್ಕ! ಜಿಎಲ್-5 ಮಾಡಿರುವುದು ಕ್ರೌನ್ ಪಿನಿಯನ್‌ಗೆ. ಅಲ್ಲಿ ಹಲ್ಲುಗಳು ಭಾರ ಹೊತ್ತು ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಗಂಧಕ, ರಂಜಕದ ರಾಸಾಯನಿಕ ಜಾಸ್ತಿ ಹಾಕಿರುತ್ತಾರೆ. ಅದೇ ರಾಸಾಯನಿಕ ಬಿಸಿಯಲ್ಲಿ ಸಿಂಕ್ರೋ ರಿಂಗಿನ ಹಿತ್ತಾಳೆಯನ್ನು ತಿನ್ನಬಹುದು. ಸಾಲದ್ದಕ್ಕೆ ಅತಿಯಾಗಿ ಜಾರಿದರೆ ರಿಂಗು ಗೇರನ್ನು ಹಿಡಿದು ನಿಲ್ಲಿಸುವುದೂ ಇಲ್ಲ. ಆದ್ದರಿಂದ ಗಾಡಿ ಪುಸ್ತಕದಲ್ಲಿ ಜಿಎಲ್-4 ಅಂತ ಇದ್ದರೆ ಜಿಎಲ್-4 ಸಿಂಥೆಟಿಕ್ಕನ್ನೇ ಹುಡುಕಿ ತನ್ನಿ. ಜೆ.ಸಿ. ರಸ್ತೆಯಲ್ಲಿ ಸುತ್ತಿದರೆ ಸಿಗುತ್ತದೆ. "ಇದೂ ಅದೇ ಸಾರ್, ತಗೊಳ್ಳಿ" ಅನ್ನುವ ಅಂಗಡಿಯಿಂದ ಮುಂದಕ್ಕೆ ಹೋಗಿ.

ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಅಂತ ಮಾಡಿದ ಆಯಿಲ್, ಅದರ ಬಗ್ಗೆಯೂ ಗೊಂದಲ ಇದೆ. ಈಗ ಬರುವ ಎಎಂಟಿ ಲಾರಿಗಳಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಅದಕ್ಕೇ ಅದು ಆಟೋಮ್ಯಾಟಿಕ್, ಕೆಂಪು ಎಟಿಎಫ್ ಹಾಕಬೇಕು ಅಂದುಕೊಳ್ಳುವವರಿದ್ದಾರೆ. ಒಳಗಿರುವುದು ಮಾಮೂಲಿ ಹಲ್ಲು ಗೇರುಗಳೇ. ಗೇರು ಬದಲಿಸುವ ಕೆಲಸವನ್ನು ಕೈ ಬದಲು ಕಂಪ್ಯೂಟರ್ ಮಾಡಿಸುತ್ತದೆ ಅಷ್ಟೆ. ಅದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಗೇರ್ ಆಯಿಲ್. ನಮ್ಮ ಲಾರಿಗಳಲ್ಲಿ ಎಟಿಎಫ್ ಹೆಚ್ಚಾಗಿ ಹೋಗುವುದು ಪವರ್ ಸ್ಟೀರಿಂಗಿಗೆ. ಮಾಮೂಲಿ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುವ ಪೂರ್ತಿ ಆಟೋಮ್ಯಾಟಿಕ್ ಇದ್ದರೆ ಮಾತ್ರ ಕಥೆ ಬೇರೆ. ಅಲ್ಲಿ ಗೇರ್‌ಬಾಕ್ಸ್ ಕಂಪನಿ ಒಪ್ಪಿದ ಸಿಂಥೆಟಿಕ್ ಎಟಿಎಫ್ ಬಿಟ್ಟು ಬೇರೆ ಹಾಕಬೇಡಿ.

ಗೇರ್ ಆಯಿಲ್ ಬದಲಿಸುವ ರೀತಿ ನಾನು ಹೀಗೆ ಇಟ್ಟುಕೊಂಡಿದ್ದೇನೆ. ಗಾಡಿ ಓಡಿ ಬಂದು ಆಯಿಲ್ ಬಿಸಿ ಇರುವಾಗಲೇ ಇಳಿಸಬೇಕು, ತಳದ ಗಸಿಯೆಲ್ಲ ಹೊರಗೆ ಬರುತ್ತದೆ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್ ನೋಡಲೇಬೇಕು. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಇಲ್ಲ. ಚೂರು ಚಕ್ಕೆ ಸಿಕ್ಕಿದರೆ ಆಯಿಲ್ ಮಾತು ಬಿಡಿ, ಬಾಕ್ಸ್ ಬಿಚ್ಚಿಸಿ. ಹಾಗೇ ಬ್ರೀದರ್ ಬಿಚ್ಚಿ ಊದಿ ನೋಡಿ. ಮಣ್ಣು ಕಟ್ಟಿದ್ದರೆ ಒಳಗಿನ ಬಿಸಿ ಗಾಳಿಗೆ ದಾರಿ ಇಲ್ಲದೆ ಸೀಲ್ ಸಂದಿಯಿಂದ ಆಯಿಲ್ ಹೊರಗೆ ತಳ್ಳುತ್ತದೆ. "ಸಿಂಥೆಟಿಕ್ ಹಾಕಿದ್ದಕ್ಕೇ ಲೀಕ್ ಬಂತು" ಅನ್ನುವ ದೂರುಗಳಲ್ಲಿ ಅರ್ಧ ಈ ಬ್ರೀದರಿನದ್ದೇ ಅಂತ ನನ್ನ ಅನುಮಾನ.

ಇನ್ನು ಇಂಜಿನ್‌ಗೆ ಬರೋಣ. ಸಿಂಥೆಟಿಕ್‌ನ ಜಾಹೀರಾತಿನಲ್ಲಿ ಮೊದಲು ಬರುವುದು ಕೊರೆಯುವ ಚಳಿಯಲ್ಲಿ ಸ್ಟಾರ್ಟಿಂಗ್. ಡಬ್ಲ್ಯೂ ಹಿಂದಿನ ನಂಬರ್ ಕಮ್ಮಿಯಿದ್ದಷ್ಟೂ ಆಯಿಲ್ ಚಳಿಯಲ್ಲಿ ತೆಳುವಾಗಿರುತ್ತದೆ. 15ಡಬ್ಲ್ಯೂ ಆಯಿಲ್‌ನ ಚಳಿ ಪರೀಕ್ಷೆ ಮಾಡುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯೂದು 30 ಡಿಗ್ರಿ ಕೆಳಗೆ. ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿ ಆಸುಪಾಸು. ಆ ಗುಣಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು, ಅಲ್ವಾ? ಡೀಸೆಲ್ ಉಳಿಯುತ್ತದೆ ಅನ್ನುವುದರಲ್ಲೂ ಒಂದು ಸೂಕ್ಷ್ಮ ಇದೆ. ಉಳಿತಾಯ ಬಹುಪಾಲು ಬರುವುದು 15ಡಬ್ಲ್ಯೂ-40 ಬಿಟ್ಟು 10ಡಬ್ಲ್ಯೂ-30ರಂಥ ತೆಳು ಆಯಿಲ್‌ಗೆ ಹೋದಾಗ. ತೆಳು ಹಾಕಲು ಗಾಡಿ ಕಂಪನಿ ಒಪ್ಪಿರಬೇಕು. ಸಿಗುವ ಆ ಸಣ್ಣ ಉಳಿತಾಯವನ್ನೂ ಟೈರಿನ ಗಾಳಿ ಕಮ್ಮಿಯಿದ್ದರೆ ಅದೇ ನುಂಗಿಬಿಡುತ್ತದೆ.

ಹಾಗಾದರೆ ಇಂಜಿನ್‌ನಲ್ಲಿ ಲಾಭ ಎಲ್ಲಿ? ಇಂಜಿನ್‌ಗೆ ಗಾಳಿ ತಳ್ಳುವ ಟರ್ಬೋದಲ್ಲಿ ಆಯಿಲ್ ಸುಟ್ಟು ಕರಿಕಟ್ಟುವುದು ಕಮ್ಮಿ. ಮತ್ತೆ ಇಳಿಸುವ ಅಂತರ ಉದ್ದ ಮಾಡಬಹುದು. ಎರಡು ಪಟ್ಟು ಬೆಲೆ ಕೊಟ್ಟು ತಂದ ಆಯಿಲ್‌ನ ಹಳೆ ಅಂತರಕ್ಕೇ ಇಳಿಸಿದರೆ ನಷ್ಟ ಖಂಡಿತ. ಆದರೆ ಅಂತರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಈ ಊರಿಗೆ ಸರಿಹೋಗುವುದಿಲ್ಲ. ಗಂಟೆಗೆ ಸರಾಸರಿ 40 ಕಿ.ಮೀ. ಓಡುವ ಗಾಡಿ 500 ಗಂಟೆಯಲ್ಲಿ 20,000 ಕಿ.ಮೀ. ಮುಗಿಸುತ್ತದೆ. ಊರೊಳಗೆ ಗಂಟೆಗೆ 15ರಲ್ಲಿ ತೆವಳುವ ಗಾಡಿ ಅಷ್ಟೇ ಗಂಟೆಗೆ 7,500 ಕಿ.ಮೀ. ಮಾತ್ರ. ಮೀಟರ್ ನೋಡಿದರೆ ಎರಡನೆಯದು ಹೊಸ ಆಯಿಲ್ ಅನ್ನಿಸುತ್ತದೆ, ದುಡಿದ ಗಂಟೆ ಮಾತ್ರ ಒಂದೇ. ಪೀಣ್ಯ ಮೇಲ್ಸೇತುವೆ 2021ರ ಡಿಸೆಂಬರಿನಲ್ಲಿ ಬಂದ್ ಆದಾಗ ಇದು ನಮಗೆ ಕಣ್ಣಿಗೆ ರಾಚಿತು. ಭಾರಿ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರಲ್ಲಿ. ಅಲ್ಲಿಯವರೆಗೆ ನಮ್ಮ ಗಾಡಿಗಳು ಕೆಳಗಿನ ರಸ್ತೆಯಲ್ಲಿ ಗೊರಗುಂಟೆಪಾಳ್ಯದ ತನಕ ಸುಮ್ನೆ ಇಂಜಿನ್ ಉರಿಸಿಕೊಂಡು ನಿಲ್ಲುತ್ತಿದ್ದವು. ಆಗಿನಿಂದ ನಾನು ಇಂಜಿನ್ ಗಂಟೆ ಬರೆದಿಡುತ್ತೇನೆ. ಬಿಎಸ್ 6 ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿದರೆ ಆ ಲೆಕ್ಕ ಸಿಗುತ್ತದೆ.

ಅಂತರ ಉದ್ದ ಮಾಡುವ ಮುಂಚೆ ಆಯಿಲ್ ಸ್ಯಾಂಪಲ್ಲನ್ನು ಲ್ಯಾಬಿಗೆ ಕಳಿಸಿ. ಆಯಿಲ್ ಇಳಿಸುವಾಗ ಮೊದಲ ಧಾರೆ ಬಿಟ್ಟು, ನಡುವಿನದನ್ನು ಒಣಗಿದ ಸ್ವಚ್ಛ ಬಾಟಲಿಗೆ ಹಿಡಿಯಬೇಕು. ರಿಪೋರ್ಟಿನಲ್ಲಿ ನಾನು ನೋಡುವುದು ಟಿಬಿಎನ್, ಅಂದರೆ ಆಸಿಡ್ ತಡೆಯುವ ಶಕ್ತಿ. ಹೊಸದರಲ್ಲಿ ಇದ್ದದ್ದು ಅರ್ಧಕ್ಕೆ ಇಳಿದರೆ ಸಾಕು ಅಂತ ಅರ್ಥ. ಆಮೇಲೆ ಮಸಿ, ಕಬ್ಬಿಣ, ಸಿಲಿಕಾನ್. ಸಿಲಿಕಾನ್ ಅಂದರೆ ಧೂಳು. ಎಂ-ಸ್ಯಾಂಡ್ ಹೊಡೆಯುವ ಒಂದು ಗಾಡಿಯಲ್ಲಿ ಸಿಲಿಕಾನ್ ಏರಿತ್ತು, ಜೊತೆಗೆ ಕಬ್ಬಿಣವೂ ಏರಿತ್ತು. ಏರ್ ಫಿಲ್ಟರ್ ಹೊಸದೇ. ಹುಡುಕಿದರೆ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಹೋಸು ಕ್ಲಾಂಪಿನ ಕೆಳಗೆ ಬಿರುಕು ಬಿಟ್ಟಿದೆ! ಆ ಗಾಡಿಗೆ ಬಂಗಾರದ ಬೆಲೆಯ ಆಯಿಲ್ ಹಾಕಿದ್ದರೂ ರಿಂಗು, ಬೋರು ಉಳಿಯುತ್ತಿರಲಿಲ್ಲ. ಅಂದಹಾಗೆ, ಆಯಿಲ್ ಕರ್ರಗಾಯಿತು ಅಂತ ಗಾಬರಿ ಬೇಡ. ಮಸಿಯನ್ನು ತನ್ನಲ್ಲೇ ತೇಲಿಸಿಕೊಂಡಿರುವುದು ಡೀಸೆಲ್ ಆಯಿಲ್‌ನ ಕೆಲಸ.

ಬಿಎಸ್ 6 ಗಾಡಿಗೆ ಸಿಕೆ-4 ದರ್ಜೆಯ, ಬೂದಿ ಕಮ್ಮಿ ಇರುವ ಆಯಿಲ್ಲೇ ಬೇಕು. ಸೈಲೆನ್ಸರಿನ ಡಿಪಿಎಫ್ ಜಾಲರಿಯಲ್ಲಿ ಕೂತ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ. ಆಯಿಲ್‌ನಿಂದ ಬಂದ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಹಳೆ ಗಾಡಿಗೆ ತಂದ ಸಿಎಚ್-4 ಮಿಕ್ಕಿದೆ ಅಂತ ಇದಕ್ಕೆ ಸುರಿದರೆ ಡಿಪಿಎಫ್ ಖರ್ಚು ನಿಮ್ಮ ತಲೆಗೇ. ಡಬ್ಬದ ಮುಂದೆ ದಪ್ಪಕ್ಷರದಲ್ಲಿ ಸಿಂಥೆಟಿಕ್ ಅಂತ ಇದ್ದರೆ ಅಷ್ಟಕ್ಕೇ ನಂಬಬೇಡಿ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದರ ಬಗ್ಗೆ ಜಗಳ ಆಗಿ, ಕಚ್ಚಾ ಎಣ್ಣೆಯಿಂದಲೇ ಚೆನ್ನಾಗಿ ಶುದ್ಧಿ ಮಾಡಿದ ಗ್ರೂಪ್ 3 ಆಯಿಲನ್ನೂ ಸಿಂಥೆಟಿಕ್ ಅನ್ನಬಹುದು ಅಂತ ತೀರ್ಮಾನವಾಯಿತು. ಗ್ರೂಪ್ 3 ಕೆಟ್ಟದ್ದೇನಲ್ಲ. ಆದರೂ ಡಬ್ಬದ ಹಿಂದೆ ಇರುವ ದರ್ಜೆ, ಗಾಡಿ ಕಂಪನಿಯ ಒಪ್ಪಿಗೆ ನಂಬರ್, ಇವೆರಡನ್ನೇ ನೋಡಿ ತಗೊಳ್ಳಿ. ವಾರಂಟಿ ಇರುವಷ್ಟು ದಿನ ಕಂಪನಿ ಹೇಳಿದ ಅಂತರ ದಾಟಿಸಬೇಡಿ.

ಎಲ್ಲಾ ಸರಿಯಾಗಿ ಮಾಡಿದರೂ ಕೆಡುವುದು ಟಾಪ್‌ಅಪ್‌ನಲ್ಲಿ. ದಾರಿಯಲ್ಲಿ ಆಯಿಲ್ ಕಮ್ಮಿ ಕಂಡರೆ ಡ್ರೈವರ್ ಸಿಕ್ಕಿದ್ದನ್ನು ಹಾಕುತ್ತಾನೆ. "ಅಣ್ಣಾ, ಬಂಕಲ್ಲಿ ಇದೇ ಇದ್ದಿದ್ದು" ಅಂತಾನೆ, ಅವನದೇನು ತಪ್ಪು? ಸಿಂಥೆಟಿಕ್‌ಗೆ ಮಿನರಲ್ ಬೆರೆತರೆ ಇಂಜಿನ್ ಏನೂ ಹಾಳಾಗುವುದಿಲ್ಲ. ಆದರೆ ಉದ್ದ ಮಾಡಿದ ಅಂತರಕ್ಕೆ ಅಲ್ಲಿಗೆ ಅರ್ಥ ಉಳಿಯುವುದಿಲ್ಲ. ಈಗ ಪ್ರತಿ ಕ್ಯಾಬಿನ್ನಿನಲ್ಲೂ ಅದೇ ಆಯಿಲ್‌ನ ಒಂದು ಕ್ಯಾನ್ ಇಟ್ಟಿರುತ್ತೇನೆ, ಹಾಕಿದರೆ ಟ್ರಿಪ್ ಶೀಟಿನಲ್ಲಿ ಬರೆಯಬೇಕು.

ನಮ್ಮ ಹಳೆ ಬಿಎಸ್ 3 ಗಾಡಿಗಳಿಗೆ ಇಂಜಿನ್‌ಗೆ ಈಗಲೂ ಮಿನರಲ್ 15ಡಬ್ಲ್ಯೂ-40ಯೇ. ಅವು ಆಯಿಲ್ ಕುಡಿಯುತ್ತವೆ, ಸೀಲುಗಳೂ ಹಳೆಯವು. ಕುಡಿಯುವ ಇಂಜಿನ್‌ಗೆ ದುಬಾರಿ ಆಯಿಲ್ ಯಾಕೆ? ಅವುಗಳ ಗೇರ್‌ಬಾಕ್ಸಿಗೂ ಕ್ರೌನಿಗೂ ಮಾತ್ರ ಸಿಂಥೆಟಿಕ್ ಹಾಕಿಸಿದ್ದೇನೆ.