'ಬೂಟ್' ಅಂತ ನಿಂತ ಡಿಶ್ ಬಾಕ್ಸನ್ನು ಎಬ್ಬಿಸುವುದು

ಸಿಂಧನೂರಿನ ನನ್ನ ಅಂಗಡಿಗೆ ಗಾಳಿ-ಮಳೆಯ ದಿನಗಳಲ್ಲಿ, ಮುಂದಿನ ಡಿಸ್‌ಪ್ಲೇಯಲ್ಲಿ 'ಬೂಟ್' ಅಂತ ತೋರಿಸಿ ಅಲ್ಲೇ ನಿಂತುಬಿಟ್ಟ ಡಿಶ್ ಬಾಕ್ಸ್ ಜಾಸ್ತಿ ಬರುತ್ತವೆ. ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕುವಾಗ ಕರೆಂಟ್ ಹೋಗಿರುತ್ತದೆ. ಮೊನ್ನೆ ತುರ್ವಿಹಾಳ ಕಡೆಯ ಅಜ್ಜಿಯೊಬ್ಬರು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದರು. "ತಮ್ಮಾ, ಮೊಮ್ಮಗ ಏನೋ ಒತ್ಯಾನ, ಚಂದನ ಬರವಲ್ದು ನೋಡು."

ಮೊದಲು ಸಾಫ್ಟ್‌ವೇರ್ ಮರೆತುಬಿಡಿ, ಮಲ್ಟಿಮೀಟರ್ ಹಿಡಿಯಿರಿ. 5 ವೋಲ್ಟ್, 3.3 ವೋಲ್ಟ್ ಸರಿ ಇವೆಯಾ? ತಲೆ ಉಬ್ಬಿದ ಒಂದು ಕೆಪ್ಯಾಸಿಟರ್ ಇದ್ದರೂ ಬಾಕ್ಸ್ ಹೀಗೇ ಸತ್ತಂತೆ ಕಾಣುತ್ತದೆ. ಇದನ್ನು ನೋಡದೆ ನಾನೇ ಒಮ್ಮೆ ಅರ್ಧ ದಿನ ಸುಮ್ನೆ ಫ್ಲ್ಯಾಶ್ ಮಾಡುತ್ತಾ, ಅಂದರೆ ಸಾಫ್ಟ್‌ವೇರ್ ಮತ್ತೆ ಮತ್ತೆ ಬರೆಯುತ್ತಾ ಕೂತಿದ್ದೆ. ಹುಷಾರು, ಮೈನ್ಸ್ ಕಡೆಯ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಉಳಿದಿರಬಹುದು.

ಪವರ್ ಸರಿ ಇದ್ದರೆ ಬೋರ್ಡಿನ ಮೇಲೆ ಸೀರಿಯಲ್ ಪಿನ್ (ಬಾಕ್ಸ್ ಕಂಪ್ಯೂಟರಿನ ಜೊತೆ ಮಾತಾಡುವ ಪಿನ್) ಹುಡುಕಿ. ಅದನ್ನು ಕಂಪ್ಯೂಟರಿನ ಯುಎಸ್‌ಬಿಗೆ ಜೋಡಿಸಲು 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಮಾಡ್ಯೂಲ್ ಸಾಕು. ಮಾಡ್ಯೂಲಿನ ಟಿಎಕ್ಸ್ (ಕಳಿಸುವ ಪಿನ್) ಅನ್ನು ಬೋರ್ಡಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್), ಆರ್‌ಎಕ್ಸ್ ಅನ್ನು ಟಿಎಕ್ಸ್‌ಗೆ, ಗ್ರೌಂಡ್ ಅನ್ನು ಗ್ರೌಂಡ್‌ಗೆ ಹಾಕಿ. ಪವರ್ ವೈರ್ ಬೇಡ. ಕಂಪ್ಯೂಟರಿನಲ್ಲಿ ಇಡಬೇಕಾದ ವೇಗ (ಬಾಡ್ ರೇಟ್) ಸಾಮಾನ್ಯವಾಗಿ 115200. ಬಾಕ್ಸ್ ಆನ್ ಮಾಡಿದಾಗ ಕಂಪ್ಯೂಟರಿನಲ್ಲಿ ಅಕ್ಷರ ಓಡಿದರೆ ಲೋಡರ್ (ಬಾಕ್ಸನ್ನು ಶುರು ಮಾಡಿಸುವ ಸಣ್ಣ ಪ್ರೋಗ್ರಾಂ) ಬದುಕಿದೆ, ಆ ಚಿಪ್ಪಿನ ಅಪ್‌ಗ್ರೇಡ್ ಟೂಲ್‌ನಿಂದಲೇ ಫೈಲ್ ಹತ್ತಿಸಬಹುದು. ಬಾಕ್ಸಿನ ಹಿಂಬದಿಯ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಮಾತ್ರ ಈ ಮಾಡ್ಯೂಲ್ ಹಚ್ಚಬೇಡಿ, ಅಲ್ಲಿನ ವೋಲ್ಟೇಜ್ ಬೇರೆ, ಸುಟ್ಟು ಹೋಗುತ್ತದೆ.

ಅಜ್ಜಿಯ ಬಾಕ್ಸಿನಲ್ಲಿ ಒಂದಕ್ಷರವೂ ಬರಲಿಲ್ಲ. ಆಗ ಸಾಫ್ಟ್‌ವೇರ್ ಕೂತಿರುವ ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೇ ಕೈ ಹಾಕಬೇಕು. ಅವರದು 25ಕ್ಯೂ32, ಅಂದರೆ 4 ಎಂಬಿ. ಪ್ಲಗ್ ಕಿತ್ತು, ಚಿಪ್ಪಿನ ಕಾಲು ಹಿಡಿಯುವ ಕ್ಲಿಪ್ಪನ್ನು ಅದರ ಕೆಂಪು ವೈರು ಚಿಪ್ಪಿನ ಚುಕ್ಕೆಯ ಕಡೆ ಬರುವಂತೆ ಕಚ್ಚಿಸಿ, ಚಿಪ್ ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್‌ಗೆ ಜೋಡಿಸಿದೆ. ಈ ಪ್ರೋಗ್ರಾಮರ್‌ನ ಅಗ್ಗದ ಕಪ್ಪು ಬೋರ್ಡುಗಳಲ್ಲಿ ಕೆಲವು ಸಿಗ್ನಲ್ ಪಿನ್ನಿಗೆ 3.3ರ ಬದಲು 5 ವೋಲ್ಟ್ ಕೊಡುತ್ತವೆ, ಅಳೆದು ನೋಡಿಯೇ ಹಚ್ಚಿ.

ಬರೆಯುವ ಮೊದಲು ಹಳೆಯದನ್ನು ಎರಡು ಸಲ ಓದಿ ಉಳಿಸಿಕೊಳ್ಳಿ. ಎರಡೂ ಫೈಲ್ ಒಂದೇ ಇರಬೇಕು. ಓದಿದ ಫೈಲಿನಲ್ಲಿ ಬರೀ ಎಫ್‌ಎಫ್ ಎಫ್‌ಎಫ್ (ಖಾಲಿ ಅನ್ನುವ ಗುರುತು) ಕಂಡರೆ ಹೆಚ್ಚಾಗಿ ಕ್ಲಿಪ್ ಕಚ್ಚಿಲ್ಲ ಅಂತಲೇ. ಕೆಟ್ಟ ಫೈಲ್ ಉಳಿಸಿಕೊಂಡು ಏನು ಮಾಡೋದು ಅಂತ ಇದನ್ನು ಬಿಡುವವರಿದ್ದಾರೆ. ಆದರೆ ಹೊಸದಾಗಿ ಹಾಕಿದ ಫೈಲ್ ಹೊಂದದಿದ್ದರೆ ಹಿಂದಕ್ಕೆ ಬರಲು ಇರುವ ದಾರಿ ಅದೊಂದೇ.

ಹೊಸ ಫೈಲ್ ಆರಿಸುವಾಗ ಡಬ್ಬಿಯ ಹೆಸರು ನಂಬಬೇಡಿ. ಒಂದೇ ಹೆಸರಿನಲ್ಲಿ ಮೂರು ಥರದ ಬೋರ್ಡ್ ಇರುತ್ತವೆ. ಬೋರ್ಡಿನ ಮೇಲೆ ಅಚ್ಚಾದ ನಂಬರ್ ಹೊಂದಬೇಕು, 4 ಎಂಬಿ ಚಿಪ್ಪಿಗೆ ಫೈಲ್ ಸರಿಯಾಗಿ 41,94,304 ಬೈಟ್ ಇರಬೇಕು. ಇದೆಲ್ಲ ಫ್ರೀ ಡಿಶ್ ಬಾಕ್ಸಿನ ಮಾತು. ದುಡ್ಡು ಕಟ್ಟುವ ಬಾಕ್ಸಿನಲ್ಲಿ ಚಾನೆಲ್ ತೆರೆಯುವ ಕಾರ್ಡಿನ ಲೆಕ್ಕ ಬೇರೆ, ಅದನ್ನು ಕಂಪನಿಯವರಿಗೇ ಕೊಡಿ.

ಹಳೆಯದನ್ನು ಅಳಿಸಿ, ಹೊಸದನ್ನು ಬರೆದು, ಸರಿಯಾಗಿ ಕೂತಿದೆಯಾ ಅಂತ ವೆರಿಫೈ ಮಾಡಿ, ಕ್ಲಿಪ್ ತೆಗೆದು ಆನ್ ಮಾಡಿದೆ. ಚಿತ್ರ ಬಂತು. ಆದರೆ ಫೈಲನ್ನು ಇನ್ನೊಂದು ಬಾಕ್ಸಿನಿಂದ ತೆಗೆದದ್ದಲ್ವಾ, ಆ ಬಾಕ್ಸಿನವರ ಚಾನೆಲ್ ಪಟ್ಟಿಯೇ ಕೂತಿತ್ತು. ಫ್ಯಾಕ್ಟರಿ ರೀಸೆಟ್ ಹೊಡೆದು, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹಕ್ಕೆ ಮತ್ತೆ ಸ್ಕ್ಯಾನ್ ಮಾಡಿದೆ. ಚಂದನವನ್ನು ಒಂದನೇ ನಂಬರಿಗೆ ತಂದು ಕೂಡಿಸುವ ತನಕ ಅಜ್ಜಿ ಸ್ಟೂಲಿನಿಂದ ಏಳಲಿಲ್ಲ.