ಗರಗಸ ತಿಂದ ಲೀ-ಎನ್‌ಫೀಲ್ಡ್‌ಗೆ ಮತ್ತೆ ಮರ ತೊಡಿಸುವುದು

ಕೈಗೆ ಬಂದಾಗ ಆ ಲೀ-ಎನ್‌ಫೀಲ್ಡ್, ಯುದ್ಧಕಾಲದ ಸೈನ್ಯದ ಕೋವಿ, ಅರ್ಧ ಬೆತ್ತಲೆಯಾಗಿತ್ತು. ಮುಂದಿನ ಮರವನ್ನು ಯಾರೋ ಗರಗಸದಲ್ಲಿ ಕತ್ತರಿಸಿ, ತುದಿಯನ್ನು ದುಂಡಗೆ ಉಜ್ಜಿ, ಮೇಲೆ ಹೊಳೆಯುವ ವಾರ್ನಿಶ್ ಬಳಿದಿದ್ದರು. ನಳಿಗೆಯ ಮೇಲಿನ ಮರ ಪೂರ್ತಿ ಮಾಯ. ಆದರೆ ರಿಸೀವರ್‌ನ (ನಳಿಗೆಯ ಹಿಂದಿನ ಲೋಹದ ಒಡಲಿನ) ಎಡಬದಿಯ ಬರಹ ಸ್ಪಷ್ಟವಾಗಿತ್ತು: ನಂ. 4 ಮಾರ್ಕ್ 1 ಸ್ಟಾರ್, ಲಾಂಗ್ ಬ್ರಾಂಚ್, 1943. ಅಂದರೆ ಮಾದರಿ, ಕಾರ್ಖಾನೆ, ವರ್ಷ. ಪಕ್ಕದಲ್ಲಿ ಇಂಗ್ಲಿಷ್ ಸಿ ಅಕ್ಷರದೊಳಗೆ ಒಂದು ಬಾಣ, ಅದು ಕೆನಡಾ ಸೈನ್ಯದ ಗುರುತು.

ಊರಲ್ಲಿ ನಾವೆಲ್ಲ ತ್ರೀ ನಾಟ್ ತ್ರೀ ಅಂತ ಕರೆಯುವ ಕೋವಿಯ ವಂಶದ್ದೇ ಇದು. ನಾನು ವಿರಾಜಪೇಟೆ ಕಡೆಯವನು, ಈಗ ಒಂಟಾರಿಯೋದಲ್ಲಿದ್ದೇನೆ. ಲಾಂಗ್ ಬ್ರಾಂಚ್ ಕಾರ್ಖಾನೆ ಇದ್ದದ್ದು ಇಲ್ಲೇ, ಟೊರಾಂಟೋ ಪಕ್ಕ. ಯುದ್ಧದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅದರ ತಪಾಸಣೆ ಕಟ್ಟಡ ಮಿಸಿಸಾಗಾದಲ್ಲಿ ಇವತ್ತೂ ನಿಂತಿದೆ, ಈಗ ಕಲಾಕೇಂದ್ರವಾಗಿದೆ. ಆ ಕೈಗಳು ಮಾಡಿದ ವಸ್ತುವನ್ನು ಹೀಗೆ ಬಿಡೋಕೆ ನನಗೆ ಮನಸ್ಸಾಗಲಿಲ್ಲ.

ಕತ್ತರಿಸಿದವರನ್ನು ಬೈಯಬೇಡಿ. ಯುದ್ಧ ಮುಗಿದ ಮೇಲೆ ಈ ಕೋವಿಗಳು ತುಂಬಾ ಅಗ್ಗಕ್ಕೆ ಮಾರಾಟವಾದವು. ಕಾಡಲ್ಲಿ ದಿನವಿಡೀ ಹೊತ್ತು ತಿರುಗುವ ಬೇಟೆಗಾರರು ಭಾರ ಇಳಿಸಿಕೊಂಡರು, ಅಷ್ಟೇ.

ಮೊದಲು ಕಾನೂನಿನ ಮಾತು. ಕೆನಡಾದಲ್ಲಿ ಇದಕ್ಕೆ ಕೋವಿ ಲೈಸೆನ್ಸ್ ಬೇಕೇ ಬೇಕು. ಭಾರತದಲ್ಲಿ .303 ನಿಷೇಧಿತ ಬೋರ್, ಹಾಗಾಗಿ ಈ ಬರಹ ಹೊರದೇಶದಲ್ಲಿ ಲೈಸೆನ್ಸ್ ಇರುವವರಿಗೆ. ಇನ್ನು, ಕೋವಿ ಮುಟ್ಟಿದಾಗಲೆಲ್ಲ ಮ್ಯಾಗಜಿನ್ (ಗುಂಡಿನ ಡಬ್ಬಿ) ತೆಗೆಯಿರಿ, ಬೋಲ್ಟ್ (ಗುಂಡನ್ನು ಒಳಗೆ ತಳ್ಳುವ ಸರಳು) ಹಿಂದಕ್ಕೆಳೆಯಿರಿ, ಗುಂಡು ಕೂರುವ ಜಾಗಕ್ಕೆ ಬೆರಳು ಹಾಕಿ ನೋಡಿ. ನಿನ್ನೆ ನೋಡಿದ್ದು ಇವತ್ತಿಗೆ ಲೆಕ್ಕಕ್ಕಿಲ್ಲ.

ಕೊಳ್ಳುವ ಮುಂಚೆ ಅಳತೆ ಟೇಪ್ ಹಿಡಿಯಿರಿ. ನಂ. 4ರ ನಳಿಗೆ 25.2 ಇಂಚು. ಅದು ಪೂರ್ತಿ ಇದೆಯಾ? ತುದಿಯಲ್ಲಿ ಬಯೊನೆಟ್ ಸಿಕ್ಕಿಸುವ ಸಣ್ಣ ಕಿವಿಗಳು ಉಳಿದಿವೆಯಾ? ದುರ್ಬೀನು ಕೂರಿಸಲು ರಿಸೀವರ್‌ಗೆ ತೂತು ಕೊರೆದಿದ್ದಾರಾ? ಮರ ಮಾತ್ರ ಹೋಗಿದ್ದರೆ ಸಂತೋಷವಾಗಿ ತಗೊಳ್ಳಿ. ನಳಿಗೆ ಕತ್ತರಿಸಿದ್ದರೆ ಬಿಟ್ಟುಬಿಡಿ. ಹೊಸ ನಳಿಗೆ ಕೂರಿಸುವ ಖರ್ಚಿನಲ್ಲಿ ಒಳ್ಳೆಯ ಕೋವಿಯೇ ಬರಬಹುದು.

ಬೇಕಾಗುವ ಸಾಮಾನು ಇಷ್ಟು: ಉದ್ದದ ಫೋರೆಂಡ್ (ನಳಿಗೆಯ ಕೆಳಗಿನ ಮರ), ಮುಂದಿನ ಮತ್ತು ಹಿಂದಿನ ಹ್ಯಾಂಡ್‌ಗಾರ್ಡ್ (ನಳಿಗೆಯ ಮೇಲಿನ ಮರ), ಅವನ್ನು ಹಿಡಿದಿಡುವ ಮೂರು ಬ್ಯಾಂಡ್, ಅವುಗಳ ಸ್ಕ್ರೂ, ಬೆಲ್ಟಿನ ಕೊಂಡಿಗಳು. ಹಿಂದಿನ ಗುರಿಯ ತಗಡು ಬದಲಾಗಿದ್ದರೆ ಅದೂ ಬೇಕು. ನಾನು ತರಿಸಿದ ಮೊದಲ ಫೋರೆಂಡ್ ಬಾಳೆಕಾಯಿ ಥರ ಬಾಗಿತ್ತು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅಂದಿನಿಂದ ಎರಡು ಫೋಟೋ ಕೇಳದೆ ದುಡ್ಡು ಕಳಿಸುವುದಿಲ್ಲ: ನೇರ ಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಒಂದು, ಮರದ ಹಿಂತುದಿಯ ಒಳಭಾಗದ್ದು ಇನ್ನೊಂದು.

ಆ ಒಳಭಾಗದಲ್ಲೇ ಈ ಕೆಲಸದ ಜೀವ ಇದೆ. ಅಲ್ಲಿ ಎರಡೂ ಬದಿ ಸಣ್ಣ ಮುಖಗಳಿವೆ, ಡ್ರಾ ಅಂತಾರೆ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಪೆಟ್ಟನ್ನು ಮರ ತಡೆಯುವುದು ಅಲ್ಲಿ. ಎರಡೂ ಕಡೆ ಲೋಹಕ್ಕೆ ಸಮವಾಗಿ ಒತ್ತಿ ಕೂತಿರಬೇಕು. ಒಂದು ಕಡೆ ಸಡಿಲವಿದ್ದರೆ ಇನ್ನೊಂದು ಕಡೆಗೇ ಪೆಟ್ಟು ಬಿದ್ದು ಮರ ಸೀಳುತ್ತದೆ, ಗುರಿಯೂ ಅಲೆದಾಡುತ್ತದೆ. ಸುಮ್ನೆ ಮರ ಸಿಕ್ಕಿಸಿ ಸ್ಕ್ರೂ ಬಿಗಿದು ಗೋಡೆಗೆ ನೇತುಹಾಕುವವರೇ ಹೆಚ್ಚು. ನೋಡೋಕೆ ಚೆನ್ನಾಗಿರುತ್ತದೆ, ಆದರೆ ಅದು ಕೋವಿಗೆ ಅಂಗಿ ಹಾಕಿದ ಹಾಗೆ ಮಾತ್ರ.

ನಾನು ಮಾಡಿದ್ದು ಹೀಗೆ. ಎರಡನೇ ಫೋರೆಂಡ್‌ನ ಡ್ರಾ ಸವೆದು ಎಣ್ಣೆ ಕುಡಿದು ಮೆತ್ತಗಾಗಿತ್ತು. ಮೆತ್ತಗಿನ ಭಾಗವನ್ನು ಚೂಪಾದ ಉಳಿಯಿಂದ ಚೌಕಾಕಾರವಾಗಿ ತೆಗೆದೆ. ಅಷ್ಟೇ ಅಳತೆಯ ಗಟ್ಟಿ ಮರದ ಎರಡು ತುಂಡುಗಳನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಇಲ್ಲಿ ಒಂದು ಗಮನ: ಮರದ ಎಳೆಗಳ ಕಡಿದ ತುದಿ ಲೋಹದ ಕಡೆಗಿರಬೇಕು. ಎಳೆ ಅಡ್ಡ ಬಿದ್ದರೆ ಪೆಟ್ಟಿಗೆ ಜಜ್ಜಿಹೋಗುತ್ತದೆ. ತುಂಡುಗಳನ್ನು ಬೇಕೆಂದೇ ಸ್ವಲ್ಪ ದಪ್ಪ ಬಿಟ್ಟಿದ್ದೆ.

ಆಮೇಲೆ ದೀಪದ ಕಾಡಿಗೆ. ಊರಿನ ಮನೆಗೆ ಬರುತ್ತಿದ್ದ ಆಚಾರಿ ಬಾಗಿಲ ಚೌಕಟ್ಟಿಗೆ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಉರಿಯುವ ಬತ್ತಿಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಕಟ್ಟಿಸಿ, ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿ, ಲೋಹದ ಮುಖಗಳಿಗೆ ತೆಳ್ಳಗೆ ಸವರಿದೆ. ಮರವನ್ನು ಕೂರಿಸಿ, ಅಂಗೈಯಿಂದ ಒಂದೆರಡು ಸಲ ತಟ್ಟಿ, ಮತ್ತೆ ತೆಗೆದೆ. ಎಲ್ಲಿ ಕಪ್ಪು ಹತ್ತಿತ್ತೋ ಅಲ್ಲಿ ಮಾತ್ರ ಉಳಿಯಿಂದ ಕೆರೆದೆ. ಈರುಳ್ಳಿ ಸಿಪ್ಪೆಗಿಂತ ತೆಳು. ಮತ್ತೆ ಸವರು, ಮತ್ತೆ ಕೂರಿಸು. ಒಂದು ಶನಿವಾರ ಪೂರ್ತಿ ಹೋಯಿತು. ಕೊನೆಗೆ ಎರಡೂ ಮುಖಗಳಲ್ಲಿ ಕಪ್ಪು ಒಂದೇ ಥರ ಹರಡಿತು. ಸ್ಕ್ರೂ ಒಂದೂ ಹಾಕದೆ ಕೋವಿ ಎತ್ತಿ ಹಿಡಿದೆ. ಮರ ಕೆಳಗೆ ಬೀಳಲಿಲ್ಲ. ಅದೇ ಪರೀಕ್ಷೆ.

ಟ್ರಿಗರ್ ಗಾರ್ಡ್‌ನ (ಟ್ರಿಗರ್ ಸುತ್ತಲಿನ ಲೋಹದ ಬಳೆಯ) ಮುಂದಿನ ದಪ್ಪ ಸ್ಕ್ರೂ ಹಾದುಹೋಗುವ ತೂತಿನಲ್ಲಿ ಒಂದು ಲೋಹದ ಕೊಳವೆ ಇರಬೇಕು. ಹಳೆಯ ಮರ ಬಿಚ್ಚುವಾಗ ಅದು ಎಲ್ಲೋ ಉರುಳಿಹೋಗಿರುತ್ತದೆ. ಅದಿಲ್ಲದೆ ಬಿಗಿದರೆ ಮರ ಕುಗ್ಗುತ್ತಾ ಹೋಗುತ್ತದೆ. ಮಾರ್ಕ್ 1 ಮತ್ತು ಮಾರ್ಕ್ 1 ಸ್ಟಾರ್‌ಗಳಲ್ಲಿ ಟ್ರಿಗರ್ ಈ ಗಾರ್ಡ್‌ಗೇ ಜೋಡಿಸಿದೆ. ಮರ ಕುಗ್ಗಿದರೆ ಟ್ರಿಗರ್ ಎಳೆತವೇ ಬದಲಾಗುತ್ತದೆ. 1949ರ ಮಾರ್ಕ್ 2ರಲ್ಲಿ ಟ್ರಿಗರನ್ನು ರಿಸೀವರ್‌ಗೇ ಜೋಡಿಸಿದ್ದು ಇದೇ ತೊಂದರೆಗೆ ಪರಿಹಾರವಾಗಿ.

ಈಗ ಮುಂತುದಿ. ನಂ. 4ರಲ್ಲಿ ಫೋರೆಂಡ್‌ನ ತುದಿ ನಳಿಗೆಯನ್ನು ಸ್ವಲ್ಪ ಮೇಲಕ್ಕೆ ಒತ್ತಬೇಕು, ನಾಲ್ಕೈದು ಪೌಂಡ್‌ನಷ್ಟು. ಹ್ಯಾಂಡ್‌ಗಾರ್ಡ್ ಹಾಕುವ ಮುಂಚೆ ನಳಿಗೆಗೂ ಮರದ ತುದಿಗೂ ಮಧ್ಯೆ ಒಂದು ಚೂರು ಕಾಗದ ಇಡಿ. ಮೀನು ತೂಗುವ ಸ್ಪ್ರಿಂಗ್ ಕೊಕ್ಕೆಯಿಂದ ನಳಿಗೆಯನ್ನು ಮೇಲಕ್ಕೆ ಎಳೆಯಿರಿ. ಕಾಗದ ಸಡಿಲವಾಗಿ ಜಾರಿದಾಗ ಮುಳ್ಳು ಎಷ್ಟು ತೋರಿಸುತ್ತದೋ ಅದೇ ಒತ್ತಡ. ನಳಿಗೆಯ ಹಿಂತುದಿಯ ದಪ್ಪ ಭಾಗ ಬಿಟ್ಟರೆ ಬೇರೆಲ್ಲೂ ಮರ ನಳಿಗೆಗೆ ತಾಗಬಾರದು, ಹ್ಯಾಂಡ್‌ಗಾರ್ಡ್ ಕೂಡ.

ಬಟ್‌ನ (ಭುಜಕ್ಕೊತ್ತುವ ಹಿಂದಿನ ಮರದ) ವಾರ್ನಿಶ್ ತೆಗೆಯಲು ಉಪ್ಪು ಕಾಗದ ಮುಟ್ಟಬೇಡಿ. ಮರದ ಮೇಲಿನ ಮುದ್ರೆಗಳು ಹೋದರೆ ಮತ್ತೆ ಬರಲ್ಲ. ಪೇಂಟ್ ತೆಗೆಯುವ ದ್ರಾವಣ ಹಚ್ಚಿ, ಮರದ ಪಟ್ಟಿಯಿಂದ ಮೆಲ್ಲಗೆ ಎಳೆಯಿರಿ. ತಗ್ಗುಗಳಿದ್ದರೆ ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ. ಹಬೆಗೆ ಮರ ಉಬ್ಬಿ ಮೇಲೆ ಬರುತ್ತದೆ. ಬಟ್ ಬಿಚ್ಚುವ ಅಗತ್ಯವಿಲ್ಲದಿದ್ದರೆ ಬಿಚ್ಚಬೇಡಿ. ನಿಮ್ಮದು ಹಳೆಯ ನಂ. 1 ಮಾರ್ಕ್ 3 ಆಗಿದ್ದರೆ, ಬಟ್ಟನ್ನು ಬಿಗಿದಿಡುವ ಬಟ್ ಬೋಲ್ಟ್ ತಿರುಗಿಸುವ ಮುಂಚೆ ಫೋರೆಂಡ್ ತೆಗೆಯಲೇಬೇಕು. ಇಲ್ಲದಿದ್ದರೆ ಫೋರೆಂಡ್ ಸೀಳಿಬಿಡುತ್ತದೆ.

ಮರಕ್ಕೆ ಹಚ್ಚಲು ಹಸಿ ಅಗಸೆ ಎಣ್ಣೆ, ಸೈನ್ಯದಲ್ಲಿ ಬಳಸುತ್ತಿದ್ದದ್ದೇ ಅದು. ತೆಳ್ಳಗೆ ಅಂಗೈಯಿಂದ ಉಜ್ಜಿ, ಉಳಿದದ್ದನ್ನು ಒರೆಸಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಗಿಸಿ. ಲೋಹಕ್ಕೆ ಎಣ್ಣೆ, ತುಂಬಾ ನಯವಾದ ಉಕ್ಕಿನ ಉಣ್ಣೆ, ಅಷ್ಟು ಸಾಕು. ಹೊಳಪು ಕೊಡಲು ಹೋಗಬೇಡಿ.

ಹಾರಿಸುವ ಆಸೆ ಇದ್ದರೆ ಮೊದಲು ಬೋಲ್ಟ್ ಹಿಡಿಕೆಯ ಹಿಂದಿನ ನಂಬರನ್ನೂ ರಿಸೀವರ್ ನಂಬರನ್ನೂ ಹೋಲಿಸಿ. ಬೇರೆ ಬೇರೆ ಇದ್ದರೂ, ಒಂದೇ ಇದ್ದರೂ, ಕೋವಿ ರಿಪೇರಿಯವರ ಹತ್ತಿರ ಹೆಡ್‌ಸ್ಪೇಸ್ (ಬೋಲ್ಟ್ ತಲೆಗೂ ನಳಿಗೆಯ ಹಿಂಮುಖಕ್ಕೂ ನಡುವೆ ಗುಂಡಿನ ಅಂಚು ಕೂರುವ ಜಾಗ) ಅಳತೆ ಮಾಡಿಸಿ. ಮಿತಿ 0.064ರಿಂದ 0.074 ಇಂಚು. ಸರಿಪಡಿಸಲು 0ಯಿಂದ 3ರವರೆಗೆ ನಂಬರಿನ ಬೋಲ್ಟ್ ತಲೆಗಳಿವೆ. ಇದನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ.

ನನ್ನ ಬಟ್ ಮೇಲೆ ಯಾರೋ ಬೇಟೆಗಾರ ಚಾಕುವಿನಲ್ಲಿ ಎರಡು ಅಕ್ಷರ ಕೆತ್ತಿದ್ದಾರೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಕತ್ತರಿಸಿದ ಹಳೆಯ ಮರದ ತುಂಡನ್ನೂ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಎಣ್ಣೆಯ ಕೆಲಸ ಮೊದಲ ವಾರ ದಿನಾ ಇತ್ತು, ಆಮೇಲೆ ತಿಂಗಳಿಗೊಮ್ಮೆ. ಈಗ ವರ್ಷಕ್ಕೊಂದು ಸಲ, ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ದಿನ, ಅದು ಕೊಡಗಿನ ಆಯುಧ ಪೂಜೆಯ ಹಬ್ಬ. ಕೋವಿಗೆ ಇಡಲು ಇಲ್ಲಿ ತೋಕ್ ಪೂ ಸಿಗಲ್ಲ, ಅಂಗಳದಲ್ಲಿ ಯಾವ ಹೂ ಅರಳಿರುತ್ತದೋ ಅದನ್ನೇ ಇಡುತ್ತೇನೆ.