ಮಳೆ ಹಿಡಿಯುವ ಮುಂಚೆ ಇನ್ಹೇಲರ್ ಹಿಡಿದು ಮೆಡಿಕಲ್‌ಗೆ ಹೋಗಿ

ಮೇ ಬಂತೆಂದರೆ ಕೊಡಗಿನ ಮನೆಗಳಲ್ಲಿ ಸೌದೆ ಒಟ್ಟುವುದು, ಒಣಮೀನು ಡಬ್ಬಿಗೆ ತುಂಬುವುದು ಶುರು. ಮನೆಯಲ್ಲಿ ಸಿಒಪಿಡಿ ಇರುವವರಿದ್ದರೆ ಇನ್ನೊಂದು ಕೆಲಸವಿದೆ. ಅವರನ್ನೂ ಅವರ ಇನ್ಹೇಲರನ್ನೂ ಮೆಡಿಕಲ್ ಶಾಪಿಗೆ ಕರೆದೊಯ್ಯಬೇಕು. ಬರೀ ಚೀಟಿ ಕಳಿಸಿದರೆ ಸಾಲದು.

ಸಿಒಪಿಡಿ ಎಂದರೆ ಶ್ವಾಸನಾಳ ಕಿರಿದಾಗಿ ಉಸಿರು ಪೂರ್ತಿ ಹೊರಬಾರದ ಕಾಯಿಲೆ. ಬೀಡಿ ಸೇದುವವರಿಗಷ್ಟೇ ಅಲ್ಲ, ವರ್ಷಗಟ್ಟಲೆ ಸೌದೆ ಒಲೆ ಊದಿದ ಹೆಂಗಸರಿಗೂ ಬರುತ್ತದೆ. ಪೂರ್ತಿ ವಾಸಿಯಾಗದು, ಹಿಡಿತದಲ್ಲಿ ಇಡಬಹುದು. ಔಷಧಿ ಬರೆಯುವುದು ಡಾಕ್ಟರ ಕೆಲಸ. ಅದು ಎದೆಗೆ ಇಳಿಯುತ್ತಿದೆಯೇ ಎಂದು ಆಗಾಗ ನೋಡಬಲ್ಲವರು ಫಾರ್ಮಸಿಸ್ಟ್. ತಿಂಗಳಿಗೊಮ್ಮೆ ಹೇಗೂ ಅಲ್ಲಿಗೆ ಹೋಗುತ್ತೀರಿ, ಅಲ್ವಾ?

ಮೊದಲು ಅವರೆದುರು ಒಮ್ಮೆ ಎಳೆದು ತೋರಿಸಿ. 'ಗೊತ್ತು ಬಿಡಿ' ಅನ್ನಬೇಡಿ, ಹತ್ತು ವರ್ಷ ಬಳಸಿದವರೂ ತಪ್ಪುತ್ತಾರೆ. ಸ್ಪ್ರೇ ಆದರೆ ಕುಲುಕಿ, ಉಸಿರು ಹೊರಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಬೇಕು. ಪುಡಿ ಕ್ಯಾಪ್ಸೂಲಿನ ಸಾಧನವಾದರೆ ನಿಧಾನವಾಗಿ ಅಲ್ಲ, ಜೋರಾಗಿ ಎಳೆಯಬೇಕು. ಎರಡರಲ್ಲೂ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಒತ್ತುವುದೂ ಎಳೆಯುವುದೂ ಕೂಡಿ ಬರದಿದ್ದರೆ ಸ್ಪೇಸರ್, ಅಂದರೆ ಸ್ಪ್ರೇಗೆ ಸಿಕ್ಕಿಸುವ ಟೊಳ್ಳು ಕೊಳವೆ, ಕೇಳಿ. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ನಗಬೇಡಿ. ನೋಡಲು ಮಾತ್ರೆಯ ಥರವೇ ಇದೆ, ಯಾರೂ ಬಿಡಿಸಿ ಹೇಳಿಲ್ಲ, ಪಾಪ ಇನ್ನೇನು ಮಾಡುತ್ತಾರೆ?

ಆಮೇಲೆ ಥಂಡಿಯ ವಿಷಯ. ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಈ ಪುಡಿಯ ಪಾಡೇನು? ತೇವ ಕುಡಿದರೆ ಗಂಟುಕಟ್ಟುತ್ತದೆ, ಸರಿಯಾಗಿ ಒಳಗೆ ಹೋಗುವುದಿಲ್ಲ. ಮುಚ್ಚಳ ಬಿಗಿಯಾಗಿರಲಿ. ಎಳೆಯುವ ಹೊತ್ತಿಗೆ ಒಂದೇ ಕ್ಯಾಪ್ಸೂಲ್ ತೆಗೆಯಿರಿ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿಯೂ ಅದಕ್ಕೆ ಆಗದು. ತೊಳೆದ ಸಾಧನ ಚೆನ್ನಾಗಿ ಒಣಗಿದ ಮೇಲೆಯೇ ಬಳಸಬೇಕು. ನಮ್ಮ ಮಳೆಯಲ್ಲಿ ಅದು ಯಾವಾಗ ಒಣಗುತ್ತದೋ ದೇವರೇ ಬಲ್ಲ. ಇನ್ನೊಂದು ಸಾಧನ ಇಟ್ಟುಕೊಂಡರೆ ತಾಪತ್ರಯವಿಲ್ಲ.

ದಾಸ್ತಾನಿನ ಲೆಕ್ಕವನ್ನೂ ಅಲ್ಲೇ ಹಾಕಿಸಿ. 120 ಡೋಸಿನ ಸ್ಪ್ರೇ, ಬೆಳಿಗ್ಗೆ ಎರಡು, ಸಂಜೆ ಎರಡು ಎಂದರೆ 30 ದಿನಕ್ಕೆ ಖಾಲಿ. ಎಷ್ಟು ಉಳಿದಿದೆ ಎಂದು ನೀರಿನಲ್ಲಿ ತೇಲಿಸಿ ನೋಡುವ ಉಪಾಯ ನಂಬಬೇಡಿ. ಮರ ಬಿದ್ದು ದಾರಿ ಕಟ್ಟಿದರೆ ಭಾಗಮಂಡಲದ ಕಡೆಯವರು ಮಡಿಕೇರಿಗೆ ಹೇಗೆ ಬರುತ್ತಾರೆ? ಒಂದು ಜಾಸ್ತಿ ಇರಲಿ. ಕರೆಂಟ್ ಹೋದರೆ ಔಷಧಿಯನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಸುಮ್ನೆ ಒಂದು ಪೆಟ್ಟಿಗೆ. ಸ್ಪ್ರೇಗೂ ಸ್ಪೇಸರಿಗೂ ಕರೆಂಟ್ ಬೇಡ.

ಬಿಪಿ ಮಾತ್ರೆ, ಗ್ಲಾಕೋಮಾದ (ಕಣ್ಣಿನ ಒತ್ತಡದ ಕಾಯಿಲೆ) ಕಣ್ಣಿನ ಹನಿ ಇದ್ದರೆ ತೋರಿಸಿ. ಅವುಗಳಲ್ಲಿ ಕೆಲವು ಉಸಿರಾಟಕ್ಕೆ ತೊಂದರೆ ಕೊಡುತ್ತವೆ. ಸ್ಟಿರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಫ್ಲೂ, ನ್ಯುಮೋನಿಯಾ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ.

ಕಫ ಹಳದಿಯಾಯಿತು, ತಕ್ಷಣದ ಆರಾಮಕ್ಕೆ ಎಳೆಯುವ ಸ್ಪ್ರೇ ಮೊದಲಿಗಿಂತ ಜಾಸ್ತಿ ಬೇಕಾಗುತ್ತಿದೆ ಎಂದರೆ ಅದನ್ನೂ ಹೇಳಿ. ಆಗ 'ಹೋದ ಸಲದ ಆಂಟಿಬಯೋಟಿಕ್ಕೇ ಕೊಡಿ' ಎಂದು ಜುಲುಮೆ ಮಾಡಬೇಡಿ. ಕೊಡದೆ ಡಾಕ್ಟರ ಹತ್ತಿರ ಕಳಿಸುವವರೇ ಒಳ್ಳೆಯ ಫಾರ್ಮಸಿಸ್ಟ್. ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮೆಡಿಕಲ್‌ಗೂ ಹೋಗಬೇಡಿ. 108ಕ್ಕೆ ಫೋನ್ ಮಾಡಿ.